ಕಂದು ಸಾಲು, ಕೆಂಪು ಸಾಲು

ಟಾಲ್ಬೆಕ್ ಪಟ್ಟಣದ ಇತಿಹಾಸ ಬರೆಯುವವರು ಉತ್ತರ-ದಕ್ಷಿಣದ ಅಂತರ್ಯುದ್ಧವನ್ನು ಬೇಕಾದರೆ ಬಿಡಬಹುದು. ಅದರ ಬಗ್ಗೆ ಬೇರೆ ಊರಿನವರೂ ಬರೆದಿದ್ದಾರೆ. ಆದರೆ 1909ರ ಸೆಪ್ಟೆಂಬರ್ ತಿಂಗಳ ಮೂರನೆಯ ಗುರುವಾರ ಕೆಜಾಯಾ ಬ್ರಾಸ್ವೆಲ್ ಅವರ ಹಂದಿಗೆ ಆದ ಅನ್ಯಾಯವನ್ನು ಮಾತ್ರ ಬಿಡುವಂತಿಲ್ಲ. ಅಂದು ನಮ್ಮೂರಿನ ಏಕಮಾತ್ರ ವಾರಪತ್ರಿಕೆ ‘ಕಹಳೆ’ಯು ಆ ಹಂದಿಗೂ, ರಾಜ್ಯದ ಸೆನೆಟ್ ಉಪಚುನಾವಣೆಗೆ ನಿಂತಿದ್ದ ಕರ್ನಲ್ ಲೂಷಿಯಸ್ ಪ್ಯೂ ಅವರಿಗೂ ಇದ್ದ ವ್ಯತ್ಯಾಸವನ್ನು ಅಳಿಸಿಹಾಕಿತು. ಅಳಿಸಿದವನು ನಾನೇ. ‘ಕಹಳೆ’ಯ ಸಂಪಾದಕ, ಅಚ್ಚಿನ ಮೊಳೆ ಜೋಡಿಸುವವ, ಕಸ ಗುಡಿಸುವವ, ಎಲ್ಲವೂ ಎಜ್ರಾ ಟ್ಯಾಪ್ ಎಂಬ ನಾನೊಬ್ಬನೇ.

ಮಂಗಳವಾರ ಬೆಳಿಗ್ಗೆ ಅಚ್ಚುಕೂಟದ ಬಾಗಿಲ ಕೆಳಗೆ ಒಂದು ಕಾಗದ ತೂರಿಕೊಂಡಿತ್ತು. ಸೀಸದ ಕಡ್ಡಿಯಲ್ಲಿ ಬಿಡಿಬಿಡಿ ದೊಡ್ಡಕ್ಷರ. ಮೇಲೆ ‘ಊರಿನ ಗೌರವಾನ್ವಿತ ಹಿರಿಯ ಮಹಿಳೆಯೊಬ್ಬರ ಪತ್ರದಿಂದ’ ಎಂದಿತ್ತು. ಎರಡನೆಯ ಪುಟದಲ್ಲಿ ಅಷ್ಟೇ ಜಾಗ ಖಾಲಿ ಬಿದ್ದಿತ್ತು. ಮೊಳೆ ಜೋಡಿಸುವವನು ಅಕ್ಷರ ಓದುತ್ತಾನೆಯೇ ಹೊರತು ಅರ್ಥ ಓದುವುದಿಲ್ಲ. ಹಾಗಾಗಿ ಗುರುವಾರ ಊರೆಲ್ಲ ಓದಿದ್ದು ಇದನ್ನು:

“ಕರ್ನಲ್ ಲೂಷಿಯಸ್ ಪ್ಯೂ ನಮ್ಮ ಮನೆಗೆ ಬಂದು ಒಂದು ವಾರವಾಯಿತು. ಇಂಥ ತೂಕದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಸೆನೆಟ್ಟಿನ ಸ್ಥಾನ ಅವನಿಗೆ ಸಿಗಲೇಬೇಕು ಎನ್ನುತ್ತಾನೆ ನನ್ನ ಮಗ. ಬಂದಾಗ ಯಾರಿಗೂ ಬೇಡದ ಬಡಕಲು. ಈಗ ಜನ ಬೇಲಿಯವರೆಗೆ ಬಂದು ನೋಡಿಕೊಂಡು ಹೋಗುತ್ತಾರೆ. ಕ್ರಿಸ್ಮಸ್ ಬರುವಷ್ಟರಲ್ಲಿ ಊರಿನ ಪ್ರತಿ ಮನೆಯ ಊಟದ ಮೇಜಿನ ಮೇಲೂ ಅವನೇ ಇರುತ್ತಾನೆ.”

ಹೊರಗಿನವರಿಗೆ ಇದು ಹೊಗಳಿಕೆಯೇ. ಆದರೆ ಕರ್ನಲ್ಲರು ಇಳಿದುಕೊಂಡಿದ್ದ ಮನೆಯ ಕೆಜಾಯಾ ಅಜ್ಜಿ ಪ್ರತಿವರ್ಷ ಒಂದು ಹಂದಿಯನ್ನು ಮುದ್ದಿನಿಂದ ಸಾಕಿ, ಕ್ರಿಸ್ಮಸ್ಸಿಗೆ ಮನೆಮನೆಗೂ ಅದರ ಪಾಲು ಕಳಿಸುವುದು ಟಾಲ್ಬೆಕ್ಕಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದುರದೃಷ್ಟಕ್ಕೆ ನಮ್ಮ ಮಾತಿನಲ್ಲಿ ಹಂದಿಗೂ ಕರ್ನಲ್ಲರಿಗೂ ಇರುವುದು ಒಂದೇ ‘ಅವನು’. ಹತ್ತು ಗಂಟೆಯ ಹೊತ್ತಿಗೆ ಕ್ಷೌರದಂಗಡಿಯಲ್ಲಿ, “ಕರ್ನಲ್ಲರ ತೊಡೆ ನನಗಿರಲಿ” ಎಂದು ಒಬ್ಬ ಮುಂಗಡವಾಗಿ ಹೇಳಿಟ್ಟನಂತೆ.

ನಾನು ಊಟಕ್ಕೂ ವಸತಿಗೂ ಇದ್ದದ್ದು ಮಿಸ್ ಡ್ರುಸಿಲ್ಲಾ ಕ್ರೆನ್‌ಶಾ ಅವರ ಮನೆಯಲ್ಲಿ. ನಲವತ್ತು ವರ್ಷ ಊರಿಗೇ ಅಕ್ಷರ ಕಲಿಸಿದ ಟೀಚರು. ನಿವೃತ್ತಿಯ ನಂತರ ಕಳೆದುಹೋದ ಚಮಚದಿಂದ ಹಿಡಿದು ಸುಳ್ಳು ಮೃತ್ಯುಪತ್ರದವರೆಗೆ ಊರಿನ ಒಗಟುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಪ್ರತಿ ಗುರುವಾರ ಅವರು ‘ಕಹಳೆ’ಯನ್ನು ಕೆಂಪು ಕಡ್ಡಿಯಿಂದ ತಿದ್ದಿ, ಅಂಕ ಹಾಕಿ ನನ್ನ ತಟ್ಟೆಯ ಪಕ್ಕ ಇಡುತ್ತಿದ್ದರು. ಆವತ್ತು ನೂರಕ್ಕೆ ಮೂವತ್ತೊಂದು ಬಂದಿತ್ತು.

“ಎಜ್ರಾ, ಇದನ್ನ ಬರೆದೋರು ಯಾರೇ ಇರಲಿ, ಒಂದು ವಾಕ್ಯ ಇನ್ನೊಂದರ ಕೈ ಹಿಡಿದಿಲ್ಲ ನೋಡು. ಒಂದು ಬಿಟ್ಟು ಒಂದು, ಬೇರೆ ಬೇರೆ ಊರಿಗೆ ಹೊರಟ ಹಾಗಿವೆ,” ಎಂದರು, ಅವರೆಕಾಳು ಸುಲಿಯುತ್ತಾ.

ನಾನು ತಲೆ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಲುವೆನಿಯಾ ಬ್ರಾಸ್ವೆಲ್ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ, ಅಜ್ಜಿಯ ಮೂಗು, ಅಜ್ಜಿಯದೇ ನಾಲಿಗೆ. ಕೈಯಲ್ಲಿ ಒಂದು ಕಾಗದ.

“ಮಿಸ್, ನೀವೇ ಏನಾದ್ರೂ ಮಾಡ್ಬೇಕು. ಅಪ್ಪ ನಂಗೆ ಪತ್ರ ಬರ್ದಿದಾರೆ.”

“ಎಲ್ಲಿಂದ?”

“ಮಹಡಿ ಮೇಲಿಂದ.”

ಬ್ರಾಸ್ವೆಲ್ ಮನೆತನದವರ ರೀತಿಯೇ ಅದು. ಮೂರು ತಲೆಮಾರಿನಿಂದ ಜವಳಿ ವ್ಯಾಪಾರ. ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದದ್ದು ಪೆಟ್ಟಿಗೆಗೆ ಎಂಬುದು ಅವರ ಗಾದೆ. ಮನೆಯ ಮೆಟ್ಟಿಲ ಕೆಳಗೆ ಟೊಪ್ಪಿಯ ಡಬ್ಬಿಗಳ ಸಾಲೇ ಇತ್ತು. ವ್ಯಾಪಾರದ ಪತ್ರ ಒಂದರಲ್ಲಿ, ಮಕ್ಕಳ ವಿದ್ಯೆಯದು ಒಂದರಲ್ಲಿ, ರಾಜಕೀಯದ್ದು ಎರಡರಲ್ಲಿ, ಪತ್ರಿಕೆಗೆ ಬರೆದು ನಾನು ಅಚ್ಚು ಹಾಕದೆ ಬಿಟ್ಟವು ಒಂದು ದೊಡ್ಡ ಡಬ್ಬಿಯಲ್ಲಿ. ಲುವೆನಿಯಾಳ ತಂದೆ ಈನಸ್ ಮಗಳಿಗೆ ಬರೆದದ್ದು ಹೀಗಿತ್ತು:

“ಇದೇ ತಿಂಗಳು ಹದಿನಾರರ ‘ಕಹಳೆ’ಯನ್ನು ಗಮನಿಸಲಾಗಿದೆ. ನಮ್ಮ ಅತಿಥಿಗೆ ಆದ ಅವಮಾನಕ್ಕೆ ತಾವೇ ಹೊಣೆ ಎಂದು ಒಪ್ಪಿ, ಶುಕ್ರವಾರ ಮಧ್ಯಾಹ್ನದ ಊಟದೊಳಗೆ ಕ್ಷಮೆ ಕೇಳತಕ್ಕದ್ದು. ತಪ್ಪಿದಲ್ಲಿ ಶನಿವಾರದ ರೈಲಿಗೆ ತಮ್ಮ ಪೆಟ್ಟಿಗೆ ಹೋಗುವುದಿಲ್ಲ. ಕಾಲೇಜಿನ ವಿಷಯ ಮುಕ್ತಾಯವಾದಂತೆ. ತಮ್ಮ ವಿಶ್ವಾಸದ, ಈ. ಬ್ರಾಸ್ವೆಲ್.”

“‘ತಾವು’ ಅಂತಿದಾನೆ. ಅಂದ್ರೆ ಕೋಪ ನಿಜವಾದ್ದೇ,” ಎಂದರು ಮಿಸ್ ಡ್ರುಸಿಲ್ಲಾ.

“ನಾನ್ ಮಾಡಿಲ್ಲ ಮಿಸ್. ಮಾಡದೇ ಇರೋದಕ್ಕೆ ತಪ್ಪಾಯ್ತು ಅಂತ ಹೇಳಲ್ಲ. ಹೇಳಿದ್ರೆ ಕಾಲೇಜಿಗೆ ಹೋಗ್ಬಹುದು, ಆದ್ರೆ ಸುಳ್ಳು ಹೇಳಿ ಹೋದ ಹಾಗಾಗತ್ತೆ. ಹೇಳ್ದೇ ಇದ್ರೆ ಜೀವನ ಪೂರ್ತಿ ಅಂಗಡೀಲಿ ಗುಂಡಿ ಎಣಿಸ್ತಾ ಕೂರ್ಬೇಕು.” ಅವಳು ಕಾಗದವನ್ನು ಮಡಚಿ ಮಡಚಿ ಗುಂಡಿಯಷ್ಟು ಮಾಡಿದಳು.

ಅನುಮಾನಕ್ಕೆ ಕಾರಣವಿಲ್ಲದಿರಲಿಲ್ಲ. ಊರಿನ ಶಾಲೆಯನ್ನು ವರ್ಷಕ್ಕೆ ಎಂಟು ತಿಂಗಳು ನಡೆಸಲು ಹೊಸ ತೆರಿಗೆ ಬೇಕೆಂದು ಅವಳು ‘ಗುಬ್ಬಚ್ಚಿ’ ಎಂಬ ಹೆಸರಿನಲ್ಲಿ ‘ಕಹಳೆ’ಗೆ ಬರೆಯುತ್ತಿದ್ದಳು, ಕರ್ನಲ್ಲರು ಆ ತೆರಿಗೆಯ ಶತ್ರು. ಭಾನುವಾರ ಊಟದ ಮೇಜಿನ ಮೇಲೆಯೇ ಇಬ್ಬರಿಗೂ ವಾದವಾಗಿತ್ತು. ಅಚ್ಚಾದ ಸಾಲುಗಳಿದ್ದ ಅಜ್ಜಿಯ ಮೂಲ ಪತ್ರ ಸೋಮವಾರ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಅಂಟಿಸದೆ ಹಜಾರದ ಮೇಜಿನ ಮೇಲಿತ್ತು. ನಾಲ್ಕಕ್ಕೆ ಅಂಗಡಿಯ ಗುಮಾಸ್ತ ಟೈಸ್ ಅದನ್ನು ಅಂಟಿಸಿ, ಮೋಬೀಲಿನಲ್ಲಿರುವ ಅಜ್ಜಿಯ ತಂಗಿಗೆ ಅಂಚೆಗೆ ಹಾಕಿದ್ದ.

“ಆ ಮೇಜಿನ ಹತ್ರ ನೀನು ಹೋಗಿದ್ದೆಯಾ?”

“ಹೋಗಿದ್ದೆ. ಕಾಲೇಜಿಗೆ ಬರ್ದಿದ್ದ ಪತ್ರ ಇಟ್ಟು ಬಂದೆ. ಅಜ್ಜಿ ಪತ್ರ ಮುಟ್ಟಿಲ್ಲ.”

ಮಿಸ್ ಡ್ರುಸಿಲ್ಲಾ ಕಾಳಿನ ಬುಟ್ಟಿ ನನ್ನ ಮಡಿಲಿಗೆ ಇಟ್ಟು ಎದ್ದರು. ನಾನು ಅದನ್ನು ಕೆಳಗಿಟ್ಟು ಹಿಂದೆಯೇ ನಡೆದೆ. ದಾರಿಯಲ್ಲಿ ಅವರು ರೈಲು ನಿಲ್ದಾಣದ ತಂತಿ ಕಚೇರಿಗೆ ಹೋಗಿ ಅಜ್ಜಿಯ ತಂಗಿಗೆ ನಾಲ್ಕು ಪದದ ತಂತಿ ಕೊಟ್ಟರು: “ಕೆಜಾಯಾ ಪತ್ರ ಕೂಡಲೇ ಹಿಂದಿರುಗಿಸು.” ಅಲ್ಲಿ ಗೋಡೆಯ ಮೇಲೆ ಅವರ ತೀರಿಹೋದ ತಮ್ಮನ ಚಿತ್ರವಿತ್ತು. ಎಂಜಿನ್ ಓಡಿಸುವ ಆಸೆಯಿಂದ ಹೋಗಿ, ರೈಲ್ವೆ ಪರೀಕ್ಷೆಯಲ್ಲಿ ನಪಾಸಾಗಿ, ಮೂವತ್ತು ವರ್ಷ ಅದೇ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟ ಮನುಷ್ಯ. ಹೊರಡುವ ಮುನ್ನ ಅವರು ಚಿತ್ರದ ಧೂಳನ್ನು ಕೈಗವಸಿನಿಂದ ಒರೆಸಿದರು.

ಬ್ರಾಸ್ವೆಲ್ಲರ ಮನೆಯ ಹಿತ್ತಲ ಬಾಗಿಲಲ್ಲಿ ಅಡುಗೆಯ ಹೆಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮೂವತ್ತು ವರ್ಷದಿಂದ ಆ ಮನೆಯ ಒಲೆಯೂ, ಅಜ್ಜಿಯ ಹಂದಿಯೂ ಅವಳ ಆಡಳಿತದಲ್ಲಿದ್ದವು. ಅವಳ ಮುಂದೆ ಒಂದು ಟೊಪ್ಪಿ. ಅದರ ತುಂಬ ಟೊಮೆಟೊ.

“ನೋಡಿ ಮಿಸ್, ಕರ್ನಲ್ ಸಾಹೇಬ್ರು ಸಹಾಯ ಮಾಡಿದಾರೆ. ನಾನ್ ಕೇಳಿದ್ದು ಹಣ್ಣು. ಹನ್ನೊಂದ್ರಲ್ಲಿ ಆರು ಕಾಯಿ! ದೊಡ್ಡದು ಕಂಡ್ರೆ ಸಾಕು, ಕಿತ್ತುಹಾಕಿದಾರೆ.”

“ಕಾಯಿ ಹುರಿದ್ರೂ ರುಚಿಯೇ ಅಲ್ವೇನೇ ಹೆಸ್ಟರ್?”

“ಹುರೀತೀನಿ. ಮಾಡಿದ್ದು ದೊಡ್ಡೋರು, ಹುರಿಯೋದು ನಾನು.” ಅವಳು ದನಿ ತಗ್ಗಿಸಿದಳು. “ಮಗೂನ ಕಾಲೇಜಿಗೆ ಕಳಿಸೋ ಹಾಗೆ ಮಾಡಿ ಮಿಸ್. ಆ ತೆರಿಗೆ ಬಂದ್ರೂ ನನ್ ಮಗಳು ಪಾಠ ಹೇಳೋ ನಮ್ಮ ಕಪ್ಪು ಮಕ್ಕಳ ಶಾಲೆಗೆ ಒಂದ್ ಬೆಂಚೂ ಬರಲ್ಲ, ಅದು ನಂಗೆ ಗೊತ್ತು. ಆದ್ರೆ ಈ ಊರಲ್ಲಿ ಹಾಗಂತ ಬರೆದೋಳು ಈ ಹುಡುಗಿ ಒಬ್ಳೇ.”

ಲುವೆನಿಯಾ ಹಾಗೆ ಬರೆದದ್ದು ನಿಜ. ಆ ಪ್ಯಾರಾವನ್ನು ಜಾಗವಿಲ್ಲವೆಂದು ನಾನು ಕತ್ತರಿಸಿದ್ದೂ ನಿಜ. ನನಗೆ ಟೊಮೆಟೊಗಳ ಮೇಲೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು.

ಜಗಲಿಯಲ್ಲಿ ಈನಸ್ ಮತ್ತು ಕರ್ನಲ್ ಕುಳಿತಿದ್ದರು. ಕರ್ನಲ್ ಪ್ಯೂ ಐವತ್ತರ ಆಸುಪಾಸಿನವರು, ನದಿಯಾಚೆಯವರು, ಅವಿವಾಹಿತರು. ಯುದ್ಧದ ಕಾಲಕ್ಕೆ ತೊಟ್ಟಿಲಲ್ಲಿದ್ದವರು. ‘ಕರ್ನಲ್’ ಎಂಬುದು ಯಾವುದೋ ಗವರ್ನರು ಕೊಟ್ಟದ್ದು. ಒಳ್ಳೆಯ ಮೀಸೆ, ಒಳ್ಳೆಯ ಕಂಠ.

“ಮೇಡಂ, ನಂಗೆ ಯಾರ ಮೇಲೂ ದ್ವೇಷ ಇಲ್ಲ. ನಿಜ ಹೊರಗೆ ಬಂದ್ರೆ ಸಾಕು,” ಎಂದರು ಅವರು. “ಸೋಮವಾರ ಮಧ್ಯಾಹ್ನ ಕಂದು ಲಂಗದ ಹುಡುಗಿಯೊಬ್ಬಳು ಆ ಮೇಜಿನ ಮೇಲೆ ಬಾಗಿ ನಿಂತಿದ್ಲು. ಬೆನ್ನು ಮಾತ್ರ ಕಂಡಿತು. ಹೆಸರು ಹೇಳಲಾರೆ.”

“ಕಂದು?” ಈನಸ್ ಹುಬ್ಬು ಗಂಟಿಕ್ಕಿದ. “ನಾನು ಬಟ್ಟೆ ವ್ಯಾಪಾರಿ ಕರ್ನಲ್. ಸೋಮವಾರ ನನ್ನ ಮಗಳು ಉಟ್ಟಿದ್ದು ನಮ್ಮಂಗಡೀದೇ ಕೆಂಪು ಥಾನು. ಅವಳ ಹತ್ರ ಕಂದು ಬಟ್ಟೆ ಒಂದೂ ಇಲ್ಲ. ಈ ಮನೇಲಿ ಕಂದು ಉಡೋದು ಅಮ್ಮ ಒಬ್ಬಳೇ.”

“ಹಾಗಾದ್ರೆ ನಿನ್ನ ಅಮ್ಮನ್ನೂ ಕ್ಷಮೆ ಕೇಳು ಅಂತ ಪತ್ರ ಬರಿ,” ಎಂದಿತು ಕಿಟಕಿಯ ಒಳಗಿನಿಂದ ಒಂದು ದನಿ. ಕೆಜಾಯಾ ಅಜ್ಜಿ ಎಂಬತ್ತೊಂದರಲ್ಲೂ ಕಿವಿ ಕಳೆದುಕೊಂಡಿರಲಿಲ್ಲ. “ಡ್ರುಸಿಲ್ಲಾ, ಒಳಗೆ ಬಾರೇ. ಈ ಗಂಡಸರ ಹತ್ರ ಏನ್ ಕೇಳ್ತೀ?”

ಒಳಗೆ ಅಜ್ಜಿ ಉಣ್ಣೆ ಹೆಣೆಯುತ್ತಾ ಕೂತಿದ್ದರು. ಪತ್ರದಲ್ಲಿ ಏನು ಬರೆದಿದ್ದಿರಿ ಎಂದು ಕೇಳಿದರೆ, “ಎಂದಿನ ಹಾಗೇ, ಎರಡೂ ವಿಷಯ” ಎಂದರು. ಮಿಸ್ ಡ್ರುಸಿಲ್ಲಾ ನಕ್ಕರು. ನನಗೆ ಏನೂ ತಿಳಿಯಲಿಲ್ಲ, ಅದು ಹೊಸದೇನಲ್ಲ.

ಶುಕ್ರವಾರ ಹನ್ನೊಂದರ ರೈಲಿಗೆ ಮೋಬೀಲಿನಿಂದ ಪತ್ರ ಬಂತು. ನಿಲ್ದಾಣದ ಬೆಂಚಿನ ಮೇಲೆಯೇ ಮಿಸ್ ಡ್ರುಸಿಲ್ಲಾ ಓದಿದರು, ಮಡಚಿದರು, ಕಣ್ಣೊರೆಸಿಕೊಂಡರು. ನಕ್ಕಿದ್ದಕ್ಕೆ ಬಂದ ಕಣ್ಣೀರು ಅಂದುಕೊಂಡೆ. ಈಗ ಅಷ್ಟು ಖಚಿತವಿಲ್ಲ.

“ಊಟಕ್ಕೆ ಹೋಗೋಣ, ನಡಿ,” ಎಂದರು.

ಮಧ್ಯಾಹ್ನದ ಮೇಜಿನ ತಲೆಯಲ್ಲಿ ಅಜ್ಜಿ, ಎದುರು ಈನಸ್, ಬಲಕ್ಕೆ ಕರ್ನಲ್, ಎಡಕ್ಕೆ ಕಲ್ಲಿನಂತೆ ಲುವೆನಿಯಾ. ಗುಮಾಸ್ತ ಟೈಸನ್ನೂ ಅಂಗಡಿಯಿಂದ ಕರೆಸಿದ್ದರು. ಹೆಸ್ಟರ್ ಹುರಿದ ಟೊಮೆಟೊ ಕಾಯಿ ಇಟ್ಟು, ಬಾಗಿಲಲ್ಲಿ ನಿಂತಳು. ಹೋಗು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

“ಹನ್ನೆರಡು ಹೊಡೀತು,” ಎಂದ ಈನಸ್, ಮಗಳ ಕಡೆ ನೋಡದೆ. “ಲುವೆನಿಯಾ, ಏನಾದ್ರೂ ಹೇಳೋದಿದ್ಯಾ?”

“ಉಪ್ಪು ಈ ಕಡೆ ಕೊಡಿ ಅಪ್ಪಾ.”

“ತಾಳು ಈನಸ್,” ಎಂದರು ಮಿಸ್ ಡ್ರುಸಿಲ್ಲಾ. “ಕರ್ನಲ್, ನಿಮ್ಮ ಪಕ್ಕದಲ್ಲಿ ಕೆಜಾಯಾಳ ಉಣ್ಣೆ ಬುಟ್ಟಿ ಇದೆ. ಅದರಿಂದ ಕೆಂಪು ಉಂಡೆ ಸ್ವಲ್ಪ ಕೊಡ್ತೀರಾ?”

“ಸಂತೋಷದಿಂದ, ಮೇಡಂ.” ಕರ್ನಲ್ಲರು ಬುಟ್ಟಿಯನ್ನು ಒಂದು ಕ್ಷಣ ನೋಡಿ, ಬಾಗಿ, ನಸುನಗುತ್ತ ಒಂದು ಉಂಡೆ ಚಾಚಿದರು.

ಅದು ಕಂದು ಉಂಡೆ.

ಟೈಸ್ ಬಾಯಿ ತೆರೆದ. ಹೆಸ್ಟರ್ ಅವನ ಭುಜ ಒತ್ತಿ ಮುಚ್ಚಿಸಿದಳು.

“ನನ್ನ ತಮ್ಮನೂ ಹೀಗೇ ಕೊಟ್ಟಿದ್ದ,” ಎಂದರು ಮಿಸ್ ಡ್ರುಸಿಲ್ಲಾ ಮೆಲ್ಲಗೆ. “ರೈಲ್ವೆಯವರು ಉಣ್ಣೆ ಉಂಡೆ ಮುಂದಿಟ್ಟು ಪರೀಕ್ಷೆ ಮಾಡ್ತಾರೆ. ಕೆಂಪು ದೀಪ ಯಾವುದು ಅಂತ ತಿಳೀದವನಿಗೆ ಎಂಜಿನ್ ಕೊಡೋ ಹಾಗಿಲ್ಲ. ಅವನಿಗೆ ಕೆಂಪು, ಕಂದು, ಹಸಿರು ಎಲ್ಲ ಒಂದೇ ಮಣ್ಣಿನ ಬಣ್ಣ. ನಿನ್ನೆ ಹೆಸ್ಟರ್‌ಗೆ ಬಂದ ಆರು ಕಾಯಿ ನೋಡಿ ಅವನ ನೆನಪಾಯ್ತು. ಆಮೇಲೆ ಕರ್ನಲ್ ಕಂದು ಲಂಗ ಅಂದ್ರು. ಅವರು ಸುಳ್ಳು ಹೇಳಲಿಲ್ಲ ಈನಸ್. ಕಂಡಿದ್ದು ಕೆಂಪು ಲಂಗದ ನಿನ್ನ ಮಗಳನ್ನೇ. ಆದ್ರೆ ಅವರ ಕಣ್ಣಿಗೆ ಅದು ಕಂದು.”

“ಅದಕ್ಕೂ ಪತ್ರಕ್ಕೂ ಏನು ಸಂಬಂಧ?” ಎಂದ ಈನಸ್.

ಅವರು ಪತ್ರದ ಎರಡನೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. ನಾನು ಬಗ್ಗಿ ನೋಡಿದೆ. ಒಂದು ಸಾಲು ಕೆಂಪು, ಒಂದು ಸಾಲು ಕಂದು, ಒಂದು ಸಾಲು ಕೆಂಪು. ಅಜ್ಜಿ ಹೆಣೆಯುತ್ತಿದ್ದ ಶಾಲು ಇದ್ದ ಹಾಗೆ.

“ಯುದ್ಧದ ಕಾಲದಲ್ಲಿ ಕಾಗದ ಸಿಗ್ತಾ ಇರ್ಲಿಲ್ಲ,” ಎಂದರು ಅಜ್ಜಿ, ಯಾರೋ ಆರೋಪ ಮಾಡಿದಂತೆ. “ವಾಲ್ನಟ್ ಸಿಪ್ಪೆ ಕುದಿಸಿದ ಕಂದು ಶಾಯೀಲಿ ಮನೆ ವಿಷಯ, ಅದರ ಮಧ್ಯೆ ಬಿಟ್ಟ ಜಾಗದಲ್ಲಿ ಕೆಂಪು ಶಾಯೀಲಿ ರಾಜಕೀಯ. ಈಗ ಅಂಗಡಿ ತುಂಬ ಕಾಗದ ಇದೆ ಅಂತೀರಿ. ನಾಳೆ ಇರತ್ತೆ ಅಂತ ಯಾರು ಹೇಳಿದ್ರು?”

“ಈ ಮನೇಲಿ ಎಲ್ಲರಿಗೂ ಅದು ಗೊತ್ತು,” ಮಿಸ್ ಡ್ರುಸಿಲ್ಲಾ ಮುಂದುವರಿಸಿದರು. “ಗೊತ್ತಿಲ್ಲದವರೂ ಬಣ್ಣ ನೋಡಿ ಬೇರೆ ಮಾಡ್ತಾರೆ. ಎರಡನ್ನೂ ಒಂದೇ ಉಸಿರಲ್ಲಿ ಓದಬೇಕಾದ್ರೆ ಎರಡೂ ಒಂದೇ ಬಣ್ಣ ಕಾಣ್ಬೇಕು. ಟೈಸ್ ದಿನವಿಡೀ ರಿಬ್ಬನ್ ಮಾರೋನು, ಅವನಲ್ಲ. ಹಂದಿ ವಿಷಯ ಮೊದಲ ಹಾಳೇಲಿದೆ. ಎರಡನೇ ಹಾಳೇಲಿ ಅದು ಬರೀ ‘ಅವನು’. ಕರ್ನಲ್ಲರ ಹೆಸರು ಇರೋದು ಎರಡನೇ ಹಾಳೆಯ ನೆತ್ತಿ ಮೇಲೆ. ತಮ್ಮ ಹೆಸರು ಕಂಡವರು ಹಿಂದಿನ ಹಾಳೆ ಯಾಕೆ ಓದ್ತಾರೆ?”

ಈನಸ್ ಸುಲಭಕ್ಕೆ ಸೋಲುವವನಲ್ಲ. “ನನ್ನ ಮಗಳೇ ಬೇಕಂತ ಬೆರೆಸಿರಬಹುದಲ್ಲ ಮಿಸ್? ತಮಾಷೆಗೆ? ಅವಳ ನಾಲಿಗೆ ನಿಮಗೆ ಗೊತ್ತು.”

“ಬಹಳ ಒಳ್ಳೇ ಪ್ರಶ್ನೆ. ನೀನು ನಾಲ್ಕನೇ ಕ್ಲಾಸಲ್ಲಿ ಇಷ್ಟು ಚುರುಕಿರಲಿಲ್ಲ. ಈ ಐದನೇ ಸಾಲು ಗಟ್ಟಿಯಾಗಿ ಓದು. ಅಚ್ಚಾಗದೇ ಉಳಿದದ್ದು ಇದೊಂದೇ.”

ಈನಸ್ ಓದಿದ, ಓದುತ್ತಾ ದನಿ ಇಳಿಯಿತು. “‘ಇವನು ಬಾಯಿ ತೆರೆದರೆ... ಮೊಟ್ಟೆ ಇಡದೆಯೇ ಕೂಗುವ ಕೋಳಿ.’”

ಲುವೆನಿಯಾ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

“ಪತ್ರದ ಅತ್ಯುತ್ತಮ ಸಾಲು ಅದು. ಗೇಲಿ ಮಾಡೋಕೆ ಹೊರಟ ಗುಬ್ಬಚ್ಚಿ ಇದನ್ನ ಬಿಡ್ತಾಳಾ? ಇದನ್ನೇ ತಲೆಬರಹ ಮಾಡ್ತಿದ್ಲು. ಬಿಟ್ಟೋರು ಕರ್ನಲ್ಲರ ಹಿತ ಬಯಸೋರು. ಈನಸ್, ನೀನೂ ಬಯಸ್ತೀಯ, ಆದ್ರೆ ಕ್ರಿಸ್ಮಸ್ ಮೇಜಿನ ಮೇಲೆ ಬರೋದು ಯಾರು ಅಂತ ನಿನಗೆ ಗೊತ್ತು. ಅದು ಗೊತ್ತಿಲ್ಲದೆ, ಬಣ್ಣ ಕಾಣದೆ, ಕರ್ನಲ್ಲರನ್ನ ಅಷ್ಟು ಪ್ರೀತಿಸೋರು ಈ ಮನೇಲಿ ಒಬ್ಬರೇ.”

ಎಲ್ಲರೂ ಕರ್ನಲ್ಲರ ಕಡೆ ನೋಡಿದರು. ಮೀಸೆ ಇದ್ದ ಹಾಗೇ ಇತ್ತು. ಅದರ ಹಿಂದಿನ ಮುಖ ಮಾತ್ರ ಇಳಿದುಹೋಗಿತ್ತು.

“ನಕಲು ಮಾಡಿ ‘ಕಹಳೆ’ಯ ಬಾಗಿಲಿಗೆ ಹಾಕಿದ್ದು ನಾನೇ. ಆ ಸಾಲು... ವಯಸ್ಸಾದವರ ತಮಾಷೆ ಅಂದ್ಕೊಂಡು ಬಿಟ್ಟೆ,” ಎಂದರು. ಕಂಠ ಈಗ ಅಷ್ಟು ದೊಡ್ಡದಿರಲಿಲ್ಲ. “ಉಳಿದದ್ದು ಎಷ್ಟು ಚೆನ್ನಾಗಿತ್ತು. ಬಡತನದಿಂದ ಬಂದವನು, ತೂಕದವನು... ನನ್ನ ಬಗ್ಗೆ ಯಾರೂ ಹಾಗೆ ಬರೆದಿರಲಿಲ್ಲ, ಮೇಡಂ. ಗುರುವಾರ ಊರು ನಕ್ಕಾಗ, ಆ ಹುಡುಗಿಯೇ ಪತ್ರದಲ್ಲಿ ಏನೋ ತಿದ್ದಿಟ್ಟು ನನಗೆ ಬಲೆ ಬೀಸಿದಾಳೆ ಅನ್ನಿಸ್ತು. ನಿಜವಾಗಲೂ ಹಾಗೇ ನಂಬಿದ್ದೆ.” ಅವರು ಕೈಯಲ್ಲಿದ್ದ ಉಂಡೆಯನ್ನು ತಿರುಗಿಸಿದರು. “ಇದು ಕೆಂಪಲ್ವಾ? ನಮ್ಮಮ್ಮ ಇರೋವರೆಗೂ ಬಟ್ಟೆ ತೆಗೆದಿಟ್ಟು ಹೇಳೋಳು. ಆಮೇಲೆ ಕೇಳೋಕೆ ಯಾರೂ ಇರ್ಲಿಲ್ಲ. ಕೇಳೋಕೆ ನಾಚಿಕೆ ಕೂಡ.”

ಲುವೆನಿಯಾ ಎದ್ದು ಹೋಗಿ ಬುಟ್ಟಿಯಿಂದ ಕೆಂಪು ಉಂಡೆ ತೆಗೆದು ಅವರ ಇನ್ನೊಂದು ಕೈಯಲ್ಲಿಟ್ಟಳು. “ಇದು ಕೆಂಪು, ಕರ್ನಲ್. ತೆರಿಗೆ ವಿಷಯದಲ್ಲಿ ಮಾತ್ರ ನೀವು ಇನ್ನೂ ತಪ್ಪೇ.”

“ಇರಬಹುದು, ಮಿಸ್ ಬ್ರಾಸ್ವೆಲ್,” ಎಂದರು ಅವರು. “ತಪ್ಪಾಯ್ತು. ಇಲ್ಲದ ಆರೋಪ ಹೊರಿಸಿದೆ.”

“ಕೂತ್ಕೊಂಡು ಊಟ ಮಾಡಿ,” ಎಂದರು ಕೆಜಾಯಾ ಅಜ್ಜಿ. “ನೀವೇ ಕಿತ್ತಿದ್ದು ಅದು. ಕ್ರಿಸ್ಮಸ್ಸಿಗೆ ನಿಮಗೂ ಒಂದು ಪಾಲು ಕಳಿಸ್ತೀನಿ. ನಿಮ್ಮ ಹೆಸರು ಕೆಡಿಸಿದ್ದಕ್ಕೆ ಅವನೂ ಅಷ್ಟು ಮಾಡ್ಬೇಕು.”

ಈನಸ್ ಊಟ ಮುಗಿಸದೆ ಮಹಡಿಗೆ ಹೋದ. ನಾವು ಪೀಚ್ ಹಣ್ಣಿನ ಕಡುಬು ತಿನ್ನುವಾಗ ಮೇಲಿನಿಂದ ಲೇಖನಿ ಕಿರ್ ಎನ್ನುವುದು ಕೇಳಿಸುತ್ತಿತ್ತು. ಟೈಸನ ಕೈಯಲ್ಲಿ ಕೆಳಗೆ ಬಂದ ಪತ್ರವನ್ನು ಲುವೆನಿಯಾ ನನಗೆ ತೋರಿಸಿದಳು. ಅದು ಈಗ ವಿದ್ಯೆಯ ಡಬ್ಬಿಯಲ್ಲಿದೆ:

“ಹದಿನಾರರ ನಮ್ಮ ಪತ್ರವು ತಪ್ಪು ವಿಳಾಸಕ್ಕೆ ರವಾನೆಯಾಗಿದ್ದು, ಅದಕ್ಕೆ ವಿಷಾದಿಸುತ್ತೇವೆ. ಸದರಿ ಸರಕನ್ನು ಹಿಂಪಡೆಯಲಾಗಿದೆ. ಪೆಟ್ಟಿಗೆಯ ಹಗ್ಗವನ್ನು ನಾನೇ ಕಟ್ಟುತ್ತೇನೆ, ಟೈಸ್ ಗಂಟು ಸಡಿಲ ಹಾಕುತ್ತಾನೆ. ವಾರಕ್ಕೊಂದು ಪತ್ರ ಬರಿ. ನಿನ್ನ ಅಪ್ಪ.”

“‘ನಿನ್ನ’ ಅಂತಿದಾನೆ,” ಎಂದರು ಮಿಸ್ ಡ್ರುಸಿಲ್ಲಾ, ಕೈಗವಸು ಹಾಕಿಕೊಳ್ಳುತ್ತಾ.

ಮುಂದಿನ ಗುರುವಾರ ನಾನು ‘ಕಹಳೆ’ಯಲ್ಲಿ ತಿದ್ದುಪಡಿ ಹಾಕಿ, ಹಿಂದೆ ಕತ್ತರಿಸಿದ್ದ ಗುಬ್ಬಚ್ಚಿಯ ಆ ಪ್ಯಾರಾವನ್ನೂ ಅಚ್ಚು ಮಾಡಿದೆ. ಮಿಸ್ ಡ್ರುಸಿಲ್ಲಾ ಐವತ್ತೆಂಟು ಕೊಟ್ಟರು.

ಕರ್ನಲ್ಲರು ಅಕ್ಟೋಬರಿನಲ್ಲಿ ಇನ್ನೂರ ಆರು ಮತಗಳಿಂದ ಸೋತರು. ಹಂದಿ ನಾನೂರ ಹನ್ನೆರಡು ಪೌಂಡು ತೂಗಿತು. ಲುವೆನಿಯಾ ಆ ಶನಿವಾರವೇ ಒಂಬತ್ತು ಗಂಟೆ ಹತ್ತು ನಿಮಿಷದ ರೈಲಿನಲ್ಲಿ ಕಾಲೇಜಿಗೆ ಹೋದಳು.